ಜಪಾನಿನ ರೈಲು, ಬಸ್ಸು: ಹೊಸಬರು ತಿಳಿದಿರಬೇಕಾದ್ದು

ಬೆಂಗಳೂರಿನಿಂದ ಜಪಾನಿಗೆ ನೇರ ವಿಮಾನ ಹಿಡಿದವರು ಇಳಿಯುವುದು ನರಿತಾದಲ್ಲಿ. ಟೋಕಿಯೊ ನಗರದ ನಡುಭಾಗ ಅಲ್ಲಿಂದ 60 ಕಿ.ಮೀ.ಗೂ ಹೆಚ್ಚು ದೂರ. ಟರ್ಮಿನಲ್‌ನ ನೆಲಮಾಳಿಗೆಯಲ್ಲೇ ರೈಲು ನಿಲ್ದಾಣವಿದೆ. ಆದರೆ ಕೆಳಗಿಳಿದವರಿಗೆ ಎರಡು ಬೇರೆ ಬೇರೆ ಕಂಪನಿಗಳ ಗೇಟುಗಳು ಎದುರಾಗುತ್ತವೆ. ಜೆಆರ್ ಈಸ್ಟ್ ಕಂಪನಿಯ ನರಿತಾ ಎಕ್ಸ್‌ಪ್ರೆಸ್ ಸುಮಾರು ಒಂದು ಗಂಟೆಯಲ್ಲಿ ಟೋಕಿಯೊ ಸ್ಟೇಷನ್ ಮುಟ್ಟಿ, ಅಲ್ಲಿಂದ ಶಿಂಜುಕು ಕಡೆಗೆ ಹೋಗುತ್ತದೆ. ಕೇಯ್ಸೇಯ್ ಕಂಪನಿಯ ಸ್ಕೈಲೈನರ್ ಸುಮಾರು ನಲವತ್ತು ನಿಮಿಷದಲ್ಲಿ ನಿಪ್ಪೊರಿಗೆ, ಆಮೇಲೆ ಉಯೆನೊಗೆ ತಲುಪಿಸುತ್ತದೆ. ಎರಡೂ ಕಂಪನಿಗಳು ಇದೇ ನಿಲ್ದಾಣದಿಂದ ನಿಧಾನವಾದ, ಅಗ್ಗದ ಸಾಮಾನ್ಯ ರೈಲುಗಳನ್ನೂ ಓಡಿಸುತ್ತವೆ. ಒಂದು ಕಂಪನಿಯ ಟಿಕೆಟ್ ಇನ್ನೊಂದರ ಗೇಟಿನಲ್ಲಿ ನಡೆಯುವುದಿಲ್ಲ. ಹಾಗಾಗಿ ಯಾವ ರೈಲು ಬೇಗ ಮುಟ್ಟುತ್ತದೆ ಎಂದು ಕೇಳುವುದಕ್ಕಿಂತ, ಉಳಿಯುವ ಹೋಟೆಲು ಯಾವ ರೈಲಿನ ದಾರಿಯಲ್ಲಿದೆ ಎಂದು ಮೊದಲೇ ನೋಡಿಕೊಳ್ಳುವುದು ಮೇಲು.

ಜಪಾನಿನಲ್ಲಿ ಓಡಾಡಲು ಭಾಷೆಯ ಭಯ ಬೇಡ. ದೊಡ್ಡ ಊರುಗಳ ರೈಲು ನಿಲ್ದಾಣಗಳಲ್ಲಿ ಫಲಕಗಳೂ ಘೋಷಣೆಗಳೂ ಇಂಗ್ಲಿಷಿನಲ್ಲೂ ಇರುತ್ತವೆ. ಹೊಸಬರು ತಬ್ಬಿಬ್ಬಾಗುವುದು ಒಂದೇ ಊರಿನಲ್ಲಿ ಹಲವು ಕಂಪನಿಗಳು ಅವರವರ ಹಳಿಯಲ್ಲಿ, ಅವರವರ ದರದಲ್ಲಿ ರೈಲು ಓಡಿಸುವುದರಿಂದ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ಸಲೀಸಾಗುತ್ತದೆ.

ಹಲವು ಕಂಪನಿ, ಒಂದೇ ಊರು

ಜಪಾನಿನ ಸರ್ಕಾರಿ ರೈಲ್ವೆ ಸಾಲದಲ್ಲಿ ಮುಳುಗಿದ್ದಾಗ, 1987ರ ಏಪ್ರಿಲ್ 1ರಂದು ಅದನ್ನು ಒಡೆಯಲಾಯಿತು. ಪ್ರಾಂತ್ಯಕ್ಕೊಂದರಂತೆ ಆರು ಪ್ರಯಾಣಿಕ ಕಂಪನಿಗಳೂ ಸರಕು ಸಾಗಣೆಗೆ ಒಂದು ಕಂಪನಿಯೂ ಹುಟ್ಟಿದವು. ಇವೆಲ್ಲವನ್ನೂ ಸೇರಿಸಿ ಜನ ಜೆಆರ್ ಎನ್ನುತ್ತಾರೆ. ಟೋಕಿಯೊ ಸುತ್ತಮುತ್ತ ಜೆಆರ್ ಈಸ್ಟ್, ಒಸಾಕಾ ಮತ್ತು ಕ್ಯೋಟೊ ಕಡೆ ಜೆಆರ್ ವೆಸ್ಟ್, ನಡುವಿನ ನಗೋಯಾದಲ್ಲಿ ಜೆಆರ್ ಸೆಂಟ್ರಲ್.

ಜೆಆರ್ ಹುಟ್ಟುವುದಕ್ಕೆ ಬಹಳ ಮೊದಲೇ ಖಾಸಗಿ ರೈಲ್ವೆಗಳು ಇದ್ದವು. ಒಸಾಕಾದ ಹನ್‌ಕ್ಯೂ ರೈಲ್ವೆಯನ್ನು ಕಟ್ಟಿದ ಕೊಬಾಯಾಶಿ ಇಚಿಜೊ ಇವರಲ್ಲಿ ದೊಡ್ಡ ಹೆಸರು. 1910ರಲ್ಲಿ ರೈಲು ಓಡಿಸಲು ತೊಡಗಿದ ಈತ ಹಳಿಯ ಅಕ್ಕಪಕ್ಕ ಬಡಾವಣೆಗಳನ್ನು ಕಟ್ಟಿ ಮನೆಗಳನ್ನು ಕಂತಿನ ಮೇಲೆ ಮಾರಿದ. 1929ರಲ್ಲಿ ಒಸಾಕಾದ ಉಮೆದಾ ನಿಲ್ದಾಣಕ್ಕೆ ಅಂಟಿಕೊಂಡಂತೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ತೆರೆದ. ರೈಲಿನಿಂದ ಬಡಾವಣೆ ಬೆಳೆಯಿತು, ಬಡಾವಣೆಯಿಂದ ರೈಲಿಗೆ ಜನ ಬಂದರು. ಉಳಿದ ಖಾಸಗಿ ರೈಲ್ವೆಗಳೂ ಇದೇ ಹಾದಿ ಹಿಡಿದವು. ಇವತ್ತಿಗೂ ದೊಡ್ಡ ನಿಲ್ದಾಣಗಳ ನೆತ್ತಿಯ ಮೇಲೆ ಅಂಗಡಿ ಮಳಿಗೆಗಳು ಕೂತಿರುವುದಕ್ಕೆ ಇದೇ ಕಾರಣ.

ಇದರ ಮೇಲೆ ನೆಲದಡಿಯ ಮೆಟ್ರೊ ಬೇರೆ. ಟೋಕಿಯೊದ ಗಿಂಜಾ ಮಾರ್ಗ ಶುರುವಾದದ್ದು 1927ರ ಡಿಸೆಂಬರಿನಲ್ಲಿ. ಏಷ್ಯಾದ ಮೊದಲ ಸುರಂಗ ರೈಲು ಅದು. ಈಗ ಟೋಕಿಯೊದಲ್ಲಿ 13 ಸುರಂಗ ಮಾರ್ಗಗಳಿದ್ದು, ಒಂಬತ್ತನ್ನು ಟೋಕಿಯೊ ಮೆಟ್ರೊ ಕಂಪನಿ, ನಾಲ್ಕನ್ನು ನಗರಾಡಳಿತದ ತೋಯೇಯ್ ಸಂಸ್ಥೆ ನಡೆಸುತ್ತವೆ. ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸಿನಿಂದ ಇಳಿದು ಮೆಟ್ರೊ ಹತ್ತಿದರೆ ದರ ಹೇಗೆ ಹೊಸದಾಗಿ ಶುರುವಾಗುತ್ತದೋ, ಹಾಗೆಯೇ ಇಲ್ಲಿ ಜೆಆರ್‌ನಿಂದ ಮೆಟ್ರೊಗೆ, ಮೆಟ್ರೊದಿಂದ ಖಾಸಗಿ ರೈಲಿಗೆ ಬದಲಾದಾಗ ದರವನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಾರೆ. ಒಂದೇ ಕಂಪನಿಯ ರೈಲಿನಲ್ಲಿ ನಾಲ್ಕು ನಿಲ್ದಾಣ ಸುತ್ತಿ ಹೋಗುವುದು ಎರಡು ಕಂಪನಿಗಳ ನೇರ ದಾರಿಗಿಂತ ಎಷ್ಟೋ ಸಲ ಅಗ್ಗವಾಗುತ್ತದೆ.

ಎಲ್ಲಕ್ಕೂ ಒಂದು ಕಾರ್ಡು

ಇಷ್ಟೆಲ್ಲ ಕಂಪನಿಗಳನ್ನು ಪ್ರಯಾಣಿಕರ ಪಾಲಿಗೆ ಒಂದುಗೂಡಿಸಿರುವುದು ಹಣ ತುಂಬಿಸಿ ಬಳಸುವ ಕಾರ್ಡು. ಜೆಆರ್ ಈಸ್ಟ್ 2001ರಲ್ಲಿ ಸುಯಿಕಾ ಕಾರ್ಡನ್ನು ತಂದಿತು. ಜೆಆರ್ ವೆಸ್ಟ್‌ನ ಇಕೋಕಾ 2003ರಲ್ಲಿ, ಟೋಕಿಯೊದ ಮೆಟ್ರೊ ಮತ್ತು ಖಾಸಗಿ ಕಂಪನಿಗಳ ಪಾಸ್ಮೊ 2007ರಲ್ಲಿ ಬಂದವು. 2013ರ ಮಾರ್ಚಿನಲ್ಲಿ ಇಂಥ ಹತ್ತು ಕಾರ್ಡುಗಳನ್ನು ಪರಸ್ಪರ ಹೊಂದಿಸಲಾಯಿತು. ಅಂದಿನಿಂದ ಟೋಕಿಯೊದಲ್ಲಿ ಕೊಂಡ ಕಾರ್ಡು ಒಸಾಕಾದ ಮೆಟ್ರೊದಲ್ಲೂ ಫುಕುಒಕಾದ ಬಸ್ಸಿನಲ್ಲೂ ನಡೆಯುತ್ತದೆ. ನಿಲ್ದಾಣದ ಲಾಕರು, ರಸ್ತೆ ಬದಿಯ ತಂಪುಪಾನೀಯದ ಯಂತ್ರ, ದಿನವಿಡೀ ತೆರೆದಿರುವ ಅಂಗಡಿಗಳಲ್ಲೂ ಅದರಿಂದಲೇ ಹಣ ಕೊಡಬಹುದು.

ಬಳಸುವ ರೀತಿ ನಮ್ಮ ಮೆಟ್ರೊ ಕಾರ್ಡಿನದೇ: ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಗೇಟಿಗೆ ತಾಗಿಸಬೇಕು. ಸಾಮಾನ್ಯ ಕಾರ್ಡಿಗೆ 500 ಯೆನ್ ಠೇವಣಿ ಇರುತ್ತದೆ, ಒಳಗೆ 20,000 ಯೆನ್‌ವರೆಗೆ ತುಂಬಬಹುದು. ಪ್ರವಾಸಿಗರಿಗೆಂದೇ ಇರುವ ವೆಲ್‌ಕಮ್ ಸುಯಿಕಾಕ್ಕೆ ಠೇವಣಿಯಿಲ್ಲ, 28 ದಿನ ನಡೆಯುತ್ತದೆ. ಆದರೆ ಅದರಲ್ಲಿ ಉಳಿದ ಹಣ ವಾಪಸ್ ಬರುವುದಿಲ್ಲ. ಐಫೋನ್ ಇದ್ದವರು ಫೋನಿನಲ್ಲೇ ಕಾರ್ಡು ಮಾಡಿಕೊಳ್ಳಬಹುದು. ಭಾರತದಲ್ಲಿ ಮಾರುವ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇದಕ್ಕೆ ಬೇಕಾದ ಫೆಲಿಕಾ ಸೌಲಭ್ಯ ಇರುವುದಿಲ್ಲ. ನಿಲ್ದಾಣದ ಯಂತ್ರಗಳಲ್ಲಿ ಕಾರ್ಡಿಗೆ ದುಡ್ಡು ತುಂಬಲು ಹೆಚ್ಚಾಗಿ ನಗದೇ ಬೇಕು. ಕಿಸೆಯಲ್ಲಿ ಸಾವಿರ ಯೆನ್‌ನ ಕೆಲವು ನೋಟುಗಳು ಸದಾ ಇರಲಿ.

ಕಾರ್ಡಿಗೂ ಮಿತಿಗಳಿವೆ. ಒಂದು ವಲಯದಲ್ಲಿ ಒಳಹೊಕ್ಕು ಇನ್ನೊಂದು ವಲಯದಲ್ಲಿ ಹೊರಬರಲಾಗದು. ಟೋಕಿಯೊದಲ್ಲಿ ಗೇಟಿಗೆ ತಾಗಿಸಿ ಸಾಮಾನ್ಯ ರೈಲುಗಳಲ್ಲೇ ನಗೋಯಾವರೆಗೆ ಹೋದರೆ ಅಲ್ಲಿ ಗೇಟು ತೆರೆಯುವುದಿಲ್ಲ. ದೂರದ ಪಯಣಕ್ಕೆ ಬೇರೆ ಟಿಕೆಟ್ ಕೊಳ್ಳಬೇಕು. ಹಳ್ಳಿಗಾಡಿನ ಎಷ್ಟೋ ಬಸ್ಸುಗಳಲ್ಲಿ ನಗದೇ ಗತಿ. ಯಂತ್ರಗಳನ್ನು ಹೊಸದಾಗಿ ಹಾಕಿಸುವ ಖರ್ಚು ತಾಳಲಾರದೆ ಕುಮಾಮೊಟೊದ ಐದು ಸಾರಿಗೆ ಕಂಪನಿಗಳು 2024ರ ನವೆಂಬರಿನಲ್ಲಿ ಈ ಕಾರ್ಡುಗಳನ್ನು ತಮ್ಮ ಬಸ್ಸು, ರೈಲುಗಳಲ್ಲಿ ನಿಲ್ಲಿಸಿಬಿಟ್ಟವು.

ಕಾರ್ಡು ಇಲ್ಲದವರಿಗೆ ಕಾಗದದ ಟಿಕೆಟ್ ಇದ್ದೇ ಇದೆ. ಯಂತ್ರಗಳ ಮೇಲಿನ ನಕ್ಷೆಯಲ್ಲಿ ಪ್ರತಿ ನಿಲ್ದಾಣದ ಹೆಸರಿನೊಡನೆ ದರ ಬರೆದಿರುತ್ತದೆ. ದರ ಎಷ್ಟೆಂದು ತಿಳಿಯದಿದ್ದರೆ ಎಲ್ಲಕ್ಕಿಂತ ಕಡಿಮೆ ಬೆಲೆಯ ಟಿಕೆಟ್ ಕೊಂಡು ಹೊರಡಬಹುದು. ಇಳಿಯುವ ನಿಲ್ದಾಣದಲ್ಲಿ, ಗೇಟಿಗೆ ಮುಂಚೆ, ದರ ಹೊಂದಿಸುವ ಯಂತ್ರವಿರುತ್ತದೆ. ಟಿಕೆಟ್ಟನ್ನು ಅದರೊಳಗೆ ತೂರಿಸಿದರೆ ಬಾಕಿ ಎಷ್ಟೆಂದು ತೋರಿಸುತ್ತದೆ, ಕೊಟ್ಟರೆ ಹೊಸ ಟಿಕೆಟ್ ಬರುತ್ತದೆ. ಇದಕ್ಕೆ ದಂಡವಿಲ್ಲ, ಯಾರೂ ತಪ್ಪೆಂದು ತಿಳಿಯುವುದೂ ಇಲ್ಲ. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅರ್ಧ ದರ. ಅದಕ್ಕಿಂತ ಚಿಕ್ಕವರಲ್ಲಿ ಇಬ್ಬರು, ಜೊತೆಗಿರುವ ಒಬ್ಬ ದೊಡ್ಡವರ ಲೆಕ್ಕದಲ್ಲಿ ಪುಕ್ಕಟೆ.

ಅಕ್ಷರ, ಸಂಖ್ಯೆ, ಬಣ್ಣ

ನಿಲ್ದಾಣದ ಹೆಸರು ಓದಲು ಬಾರದವರಿಗೂ ದಾರಿ ಸಿಗಲೆಂದು 2004ರಲ್ಲಿ ಟೋಕಿಯೊದ ಸುರಂಗ ರೈಲುಗಳು ಪ್ರತಿ ನಿಲ್ದಾಣಕ್ಕೂ ಅಕ್ಷರ ಮತ್ತು ಸಂಖ್ಯೆ ಕೊಟ್ಟವು. 2016ರಲ್ಲಿ ಜೆಆರ್ ಈಸ್ಟ್ ಕೂಡ ಟೋಕಿಯೊ ವಲಯದಲ್ಲಿ ಇದನ್ನು ತಂದಿತು. ಅಕ್ಷರ ಮಾರ್ಗವನ್ನು ಹೇಳುತ್ತದೆ, ಸಂಖ್ಯೆ ನಿಲ್ದಾಣವನ್ನು. ನಗರದ ಸುತ್ತ ಉಂಗುರದಂತೆ ಓಡುವ ಯಮನೋತೆ ಮಾರ್ಗದ ಬಣ್ಣ ತಿಳಿಹಸಿರು, ಗುರುತು ಜೆವೈ. ಟೋಕಿಯೊ ಸ್ಟೇಷನ್ ಜೆವೈ 01, ಶಿಂಜುಕು ಜೆವೈ 17, ಶಿಬುಯಾ ಜೆವೈ 20. ಒಟ್ಟು 30 ನಿಲ್ದಾಣಗಳ ಈ ಸುತ್ತು 34.5 ಕಿ.ಮೀ. ಉದ್ದವಿದ್ದು, ಮುಗಿಯಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಟೋಕಿಯೊ ಕಂಡರಿಯದವರು ಮೊದಲು ಈ ಉಂಗುರವನ್ನು ಅರಿತುಕೊಂಡರೆ ನಗರದ ಅಂದಾಜು ಸಿಗುತ್ತದೆ, ಏಕೆಂದರೆ ಉಳಿದ ಬಹುಪಾಲು ಮಾರ್ಗಗಳು ಎಲ್ಲೋ ಒಂದೆಡೆ ಇದನ್ನು ಮುಟ್ಟುತ್ತವೆ.

ಹತ್ತುವುದಕ್ಕಿಂತ ಹೊರಬರುವುದೇ ಹೆಚ್ಚು ಕಷ್ಟದ ಕೆಲಸ. ಜಗತ್ತಿನ ಅತಿ ದಟ್ಟಣೆಯ ನಿಲ್ದಾಣವೆನಿಸಿದ ಶಿಂಜುಕುವಿಗೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ತಪ್ಪು ಬಾಗಿಲಿನಿಂದ ಹೊರಬಿದ್ದರೆ ಹೋಟೆಲು ಹುಡುಕಲು ಅರ್ಧ ಗಂಟೆ ಹೋದೀತು. ಹಾಗಾಗಿ ವಿಳಾಸದ ಜೊತೆ ಹೊರಬಾಗಿಲಿನ ಸಂಖ್ಯೆಯನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ವಯಸ್ಸಾದವರು, ಮಂಡಿನೋವಿನವರು ಜೊತೆಗಿದ್ದರೆ ಲಿಫ್ಟ್ ಇರುವ ಬಾಗಿಲು ಯಾವುದೆಂದೂ ನೋಡಿರಬೇಕು, ಏಕೆಂದರೆ ಲಿಫ್ಟ್ ಎಲ್ಲ ಬಾಗಿಲುಗಳಲ್ಲೂ ಇರುವುದಿಲ್ಲ.

ಪ್ಲಾಟ್‌ಫಾರ್ಮಿನುದ್ದಕ್ಕೂ ಉಬ್ಬುಗೆರೆಗಳ ಹಳದಿ ಹಾಸು ಕಾಣುತ್ತದೆ. ದೃಷ್ಟಿ ಇಲ್ಲದವರು ಕಾಲಿನಿಂದಲೋ ಕೋಲಿನಿಂದಲೋ ದಾರಿ ತಿಳಿಯಲೆಂದು ಮಿಯಾಕೆ ಸೇಯ್ಚಿ 1965ರಲ್ಲಿ ಇದನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ರಸ್ತೆಯೊಂದರಲ್ಲಿ ಮೊದಲ ಬಾರಿಗೆ ಹಾಸಲಾಯಿತು. ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಕಾಣುವ ಹಳದಿ ಹಾಸಿನ ಮೂಲವೂ ಇದೇ. ಅದರ ಮೇಲೆ ಪೆಟ್ಟಿಗೆ ಇಡುವುದು, ನಿಂತು ಹರಟುವುದು ಒಬ್ಬರ ದಾರಿಗೆ ಅಡ್ಡ ನಿಂತಂತೆ.

ನಿಲ್ಲುವ ರೈಲು, ನಿಲ್ಲದ ರೈಲು

ಒಂದೇ ಹಳಿಯ ಮೇಲೆ ಹಲವು ಬಗೆಯ ರೈಲುಗಳು ಓಡುತ್ತವೆ. ಲೋಕಲ್ ಎಲ್ಲ ಕಡೆ ನಿಲ್ಲುತ್ತದೆ. ರ‍್ಯಾಪಿಡ್ ಮತ್ತು ಎಕ್ಸ್‌ಪ್ರೆಸ್ ಕೆಲವು ನಿಲ್ದಾಣಗಳನ್ನು ದಾಟಿಹೋಗುತ್ತವೆ, ಆದರೆ ದರ ಸಾಮಾನ್ಯವಾಗಿ ಅಷ್ಟೇ. ಲಿಮಿಟೆಡ್ ಎಕ್ಸ್‌ಪ್ರೆಸ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಜೆಆರ್‌ನಲ್ಲಿ ಅದಕ್ಕೆ ಪ್ರತ್ಯೇಕ ಶುಲ್ಕವಿದೆ. ಖಾಸಗಿಯವರಲ್ಲಿ ಕಿಂತೆತ್ಸು ಶುಲ್ಕ ಕೇಳುತ್ತದೆ, ಹನ್‌ಕ್ಯೂ ಕೇಳುವುದಿಲ್ಲ.

ರೈಲಿನ ಬಗೆ ನೋಡದೆ ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೊದ ಪೂರ್ವ ಅಂಚಿನ ನಿಶಿ ಕಸಾಯ್ ಒಳ್ಳೆಯ ಉದಾಹರಣೆ. ಇಪ್ಪತ್ತೊಂದನೆಯ ಶತಮಾನ ಶುರುವಾಗುವ ಹೊತ್ತಿಗೆ ಭಾರತದಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರುಗಳು ನೆಲೆನಿಂತ ಬಡಾವಣೆಯಿದು. ಮಕ್ಕಳನ್ನು ನೋಡಲು ಹೋಗುವ ತಂದೆತಾಯಂದಿರು ಇಳಿಯುವ ಮೆಟ್ರೊ ನಿಲ್ದಾಣವೂ ಹೌದು. ತಿಳಿನೀಲಿ ಬಣ್ಣದ ತೋಜಾಯ್ ಮಾರ್ಗದಲ್ಲಿ ನಗರದ ನಡುವಿನ ಓತೆಮಾಚಿ ಟಿ 09, ನಿಶಿ ಕಸಾಯ್ ಟಿ 16. ಲೋಕಲ್ ಹತ್ತಿದರೆ ಏಳನೆಯ ನಿಲ್ದಾಣ. ಅದೇ ಪ್ಲಾಟ್‌ಫಾರ್ಮಿಗೆ ಬರುವ ರ‍್ಯಾಪಿಡ್ ಹತ್ತಿದರೆ, ಅದು ಟಿ 14ರ ತೋಯೋಚೊ ಬಿಟ್ಟ ಮೇಲೆ ನಿಶಿ ಕಸಾಯ್‌ನಲ್ಲಿ ನಿಲ್ಲದೆ, ನದಿ ದಾಟಿ, ಪಕ್ಕದ ಚಿಬಾ ಪ್ರಾಂತ್ಯದ ಉರಾಯಾಸುವಿನಲ್ಲೇ ನಿಲ್ಲುವುದು. ಹಾಗಾದರೆ ಎದುರಿನ ಲೋಕಲ್ ಹಿಡಿದು ಹಿಂದೆ ಬರಬೇಕು. ಪ್ಲಾಟ್‌ಫಾರ್ಮಿನ ವಿದ್ಯುತ್ ಫಲಕದಲ್ಲಿ ರೈಲಿನ ಬಗೆ ಇಂಗ್ಲಿಷಿನಲ್ಲೂ ಬರುತ್ತದೆ. ಬಾಗಿಲು ತೆರೆಯುವ ಮುನ್ನ ಅದನ್ನೊಮ್ಮೆ ಓದಿದರೆ ಸಾಕು.

ಒಂದು ಕಂಪನಿಯ ರೈಲು ಇನ್ನೊಂದರ ಹಳಿಗೆ ಹಾಯುವುದೂ ಉಂಟು. 2013ರಿಂದ ಟೋಕಿಯೊ ಮೆಟ್ರೊದ ಫುಕುತೋಶಿನ್ ಮಾರ್ಗದ ರೈಲುಗಳು ಶಿಬುಯಾದಲ್ಲಿ ತೋಕ್ಯೂ ಕಂಪನಿಯ ಹಳಿ ಹಿಡಿದು ಯೋಕೊಹಾಮಾವರೆಗೆ ಓಡುತ್ತವೆ. ಪ್ರಯಾಣಿಕರು ಕೂತಲ್ಲಿಂದ ಏಳಬೇಕಿಲ್ಲ. ಇಳಿದಾಗ ಕಾರ್ಡಿನಿಂದ ಎರಡೂ ಕಂಪನಿಗಳ ದರ ಕಡಿತವಾಗುತ್ತದೆ.

ಶಿಂಕಾನ್ಸೆನ್

ಟೋಕಿಯೊದಿಂದ ಒಸಾಕಾಗೆ ಮೊದಲ ಶಿಂಕಾನ್ಸೆನ್, ಅಂದರೆ ಅತಿವೇಗದ ರೈಲು, ಓಡಿದ್ದು 1964ರ ಅಕ್ಟೋಬರ್ 1ರಂದು, ಟೋಕಿಯೊ ಒಲಿಂಪಿಕ್ಸ್‌ಗೆ ಒಂಬತ್ತು ದಿನ ಮೊದಲು. ಆಗ ನಾಲ್ಕು ಗಂಟೆ ಹಿಡಿಯುತ್ತಿದ್ದ ಆ ದಾರಿಗೆ ಈಗ ಸುಮಾರು ಎರಡೂವರೆ ಗಂಟೆ ಸಾಕು. ಆ ಮಾರ್ಗದಲ್ಲಿ ಮೂರು ಬಗೆಯ ರೈಲುಗಳಿವೆ: ದೊಡ್ಡ ಊರುಗಳಲ್ಲಷ್ಟೇ ನಿಲ್ಲುವ ನೊಜೊಮಿ, ಇನ್ನೂ ಕೆಲವು ಕಡೆ ನಿಲ್ಲುವ ಹಿಕಾರಿ, ಎಲ್ಲ ಕಡೆ ನಿಲ್ಲುವ ಕೊದಾಮಾ. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಹನ್ನೆರಡು ನೊಜೊಮಿಗಳು ಹೊರಡುತ್ತವೆ. ಆದ್ದರಿಂದ ಸಾಮಾನ್ಯ ದಿನಗಳಲ್ಲಿ ತಿಂಗಳುಗಟ್ಟಲೆ ಮುಂಚೆ ಸೀಟು ಕಾದಿರಿಸುವ ಆತಂಕ ಬೇಡ. ಹೊಸ ವರ್ಷ, ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರದ ಸಾಲುರಜೆ, ಆಗಸ್ಟಿನ ಓಬೊನ್ ಹಬ್ಬದ ದಿನಗಳಲ್ಲಿ ಮಾತ್ರ ನೊಜೊಮಿಯ ಎಲ್ಲ ಸೀಟುಗಳನ್ನೂ ಕಾದಿರಿಸಲೇಬೇಕು.

ಶಿಂಕಾನ್ಸೆನ್ ದರದಲ್ಲಿ ಎರಡು ಭಾಗಗಳು: ದೂರದ ಮೂಲ ದರ ಮತ್ತು ವೇಗದ ಶುಲ್ಕ. ಇದಕ್ಕಾಗಿ ಹಲವು ಸಲ ಎರಡು ಟಿಕೆಟ್‌ಗಳು ಕೈಗೆ ಬರುತ್ತವೆ. ಎರಡನ್ನೂ ಒಟ್ಟಿಗೆ ಗೇಟಿನ ಸೀಳಿಗೆ ಹಾಕಿ, ಆಚೆ ಕಡೆ ಎರಡನ್ನೂ ಮರೆಯದೆ ತೆಗೆದುಕೊಳ್ಳಬೇಕು. ಒಂದನ್ನೇ ಹಾಕಿದರೆ ಗೇಟು ಮುಚ್ಚಿಕೊಳ್ಳುತ್ತದೆ. ಟೋಕಿಯೊದಿಂದ ಕ್ಯೋಟೊ ಕಡೆಗೆ ಹೋಗುವಾಗ ಬಲಬದಿಯ ಇ ಸೀಟು ಕೇಳಿಕೊಂಡರೆ, ಮೋಡವಿಲ್ಲದ ದಿನ ಫುಜಿ ಪರ್ವತ ಕಾಣುತ್ತದೆ.

ವಿದೇಶಿ ಪ್ರವಾಸಿಗರಿಗೆಂದು ಜೆಆರ್ ಪಾಸ್ ಇದೆ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗಷ್ಟೇ ಹೋಗಿ ಬರುವವರಿಗೆ ಈಗ ಅದು ನಷ್ಟದ ಬಾಬತ್ತು. ಹಿರೋಶಿಮಾ, ಫುಕುಒಕಾ ಎಂದು ವಾರದಲ್ಲಿ ದೂರದೂರ ಸುತ್ತುವವರು ಬಿಡಿ ಟಿಕೆಟ್‌ಗಳ ಬೆಲೆ ಕೂಡಿ ನೋಡಿ ತೀರ್ಮಾನಿಸಬೇಕು. ಒಂದೊಂದು ಪ್ರಾಂತ್ಯಕ್ಕೆ ಸೀಮಿತವಾದ ಅಗ್ಗದ ಪಾಸುಗಳೂ ಸಿಗುತ್ತವೆ.

ಭಾರತದಿಂದ ಹೋಗುವವರ ಪೆಟ್ಟಿಗೆಗಳು ಹೆಚ್ಚಾಗಿ ದೊಡ್ಡವೇ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ಮೀರುವ ಪೆಟ್ಟಿಗೆಗೆ ಟೋಕಿಯೊ, ಒಸಾಕಾ, ಫುಕುಒಕಾ ಮಾರ್ಗದ ಶಿಂಕಾನ್ಸೆನ್‌ನಲ್ಲಿ ಜಾಗ ಸಹಿತ ಸೀಟು ಕಾದಿರಿಸಬೇಕೆಂಬ ನಿಯಮ 2020ರ ಮೇ ತಿಂಗಳಿನಿಂದ ಇದೆ. ಇದಕ್ಕೆ ಹೆಚ್ಚಿನ ಹಣವಿಲ್ಲ, ಕಾದಿರಿಸದೆ ತಂದರೆ 1,000 ಯೆನ್ ತೆರಬೇಕು. ಇದಕ್ಕಿಂತ ಸುಲಭದ ದಾರಿ ತಕ್ಯುಬಿನ್. ಯಮಾತೊ ಕಂಪನಿ 1976ರಲ್ಲಿ ಶುರುಮಾಡಿದ ಈ ಮನೆಬಾಗಿಲ ಸಾಗಣೆಯಲ್ಲಿ, ಒಂದು ಹೋಟೆಲಿನ ಕೌಂಟರಿನಲ್ಲಿ ಕೊಟ್ಟ ಪೆಟ್ಟಿಗೆ ಬಹುತೇಕ ಮರುದಿನವೇ ಮುಂದಿನ ಊರಿನ ಹೋಟೆಲಿನಲ್ಲಿ ಇರುತ್ತದೆ. ವಯಸ್ಸಾದವರೊಂದಿಗೆ ಹೋಗುವವರಿಗೆ ಇದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ.

ಬಸ್ಸು, ಟ್ರಾಮು, ಟ್ಯಾಕ್ಸಿ

ಬಸ್ಸಿನ ನಿಯಮ ಊರೂರಿಗೆ ಬದಲಾಗುತ್ತದೆ. ಟೋಕಿಯೊ ನಗರದ ತೋಯೇಯ್ ಬಸ್ಸಿನಲ್ಲಿ ಮುಂಬಾಗಿಲಿನಿಂದ ಹತ್ತಿ ಮೊದಲೇ ಹಣ ಕೊಡಬೇಕು. ಕ್ಯೋಟೊ ನಗರ ಬಸ್ಸಿನಲ್ಲಿ ಹಿಂಬಾಗಿಲಿನಿಂದ ಹತ್ತಿ, ಇಳಿಯುವಾಗ ಚಾಲಕನ ಪಕ್ಕದ ಡಬ್ಬಿಗೆ 230 ಯೆನ್ ಹಾಕಬೇಕು. ದೂರಕ್ಕೆ ತಕ್ಕಂತೆ ದರವಿರುವ ಬಸ್ಸುಗಳಲ್ಲಿ ಹತ್ತುವ ಬಾಗಿಲ ಬಳಿ ಪುಟ್ಟ ಯಂತ್ರವೊಂದು ಸಂಖ್ಯೆ ಮುದ್ರಿಸಿದ ಚೀಟಿ ಕೊಡುತ್ತದೆ. ಚಾಲಕನ ತಲೆಯ ಮೇಲಿನ ಫಲಕದಲ್ಲಿ ಆ ಸಂಖ್ಯೆಯ ಕೆಳಗೆ ದರ ಏರುತ್ತಾ ಹೋಗುತ್ತದೆ. ಇಳಿಯುವಾಗ ಅಲ್ಲಿ ಕಾಣುವಷ್ಟು ಹಣವನ್ನು ಚೀಟಿಯ ಸಮೇತ ಡಬ್ಬಿಗೆ ಹಾಕಬೇಕು. ಡಬ್ಬಿ ಬಾಕಿ ಚಿಲ್ಲರೆ ಕೊಡುವುದಿಲ್ಲ. ಅದಕ್ಕೆ ಅಂಟಿಕೊಂಡ ಇನ್ನೊಂದು ಸೀಳಿನಲ್ಲಿ ಸಾವಿರದ ನೋಟನ್ನೋ ನಾಣ್ಯವನ್ನೋ ಹಾಕಿ ಮೊದಲು ಚಿಲ್ಲರೆ ಮಾಡಿಕೊಳ್ಳಬೇಕು. ಇಳಿಯುವ ನಿಲ್ದಾಣ ಬರುವ ಮೊದಲು ಗುಂಡಿ ಒತ್ತಿ, ಬಸ್ಸು ಪೂರ್ತಿ ನಿಂತ ಮೇಲೆಯೇ ಏಳಬೇಕು.

ಕ್ಯೋಟೊದಲ್ಲಿ ಪ್ರವಾಸಿಗರ ನೂಕುನುಗ್ಗಲಿನಿಂದ ಊರಿನವರಿಗೇ ಬಸ್ಸು ಸಿಗದಂತಾದಾಗ, ನಗರಾಡಳಿತ ಬಸ್ಸಿನ ಒಂದು ದಿನದ ಪಾಸಿನ ಮಾರಾಟವನ್ನು 2023ರಲ್ಲಿ ನಿಲ್ಲಿಸಿತು. ಮರುವರ್ಷದ ಜೂನಿನಲ್ಲಿ ದೇವಾಲಯಗಳ ಕಡೆಗೆ ಪ್ರವಾಸಿಗರಿಗೆಂದೇ ಎಕ್ಸ್‌ಪ್ರೆಸ್ ಬಸ್ಸು ಹಾಕಿತು. ದೂರಕ್ಕೆ ಸುರಂಗ ರೈಲು ಹಿಡಿದು, ಕೊನೆಯ ತುಂಡಿಗಷ್ಟೇ ಬಸ್ಸು ಹತ್ತುವುದು ಪ್ರವಾಸಿಗೂ ಸುಖ, ಆ ಊರಿನ ಅಜ್ಜ ಅಜ್ಜಿಯರಿಗೂ ಉಪಕಾರ.

ಹಿರೋಶಿಮಾದಲ್ಲಿ ಓಡಾಡಲು ಟ್ರಾಮೇ ಅನುಕೂಲ. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದ ಮೂರೇ ದಿನಕ್ಕೆ ಅಲ್ಲಿ ಒಂದು ತುಂಡು ಹಳಿಯ ಮೇಲೆ ಟ್ರಾಮು ಮತ್ತೆ ಓಡಿತು. ಆ ದಿನ ಬಾಂಬಿಗೆ ಸಿಕ್ಕು, ದುರಸ್ತಿಯಾದ ಗಾಡಿಗಳನ್ನು ಆ ಊರು ಇಂದಿಗೂ ಜತನವಾಗಿ ಉಳಿಸಿಕೊಂಡಿದೆ.

ಟ್ಯಾಕ್ಸಿ ದುಬಾರಿ, ಆದರೆ ನಂಬಿಕೆಗೆ ಯೋಗ್ಯ. ಎಡಬದಿಯ ಹಿಂಬಾಗಿಲನ್ನು ಚಾಲಕರೇ ಗುಂಡಿ ಒತ್ತಿ ತೆರೆದು ಮುಚ್ಚುತ್ತಾರೆ, ಪ್ರಯಾಣಿಕರು ಮುಟ್ಟುವಂತಿಲ್ಲ. ರಾತ್ರಿ 10ರಿಂದ ಬೆಳಗಿನ 5ರವರೆಗೆ ದರ ಶೇ. 20 ಹೆಚ್ಚು. ಭಕ್ಷೀಸು ಕೊಡುವ ಪದ್ಧತಿಯಿಲ್ಲ.

ಬೋಗಿಯೊಳಗಿನ ನಡವಳಿಕೆ

ಪ್ಲಾಟ್‌ಫಾರ್ಮಿನಲ್ಲಿ ಬಾಗಿಲು ಬಂದು ನಿಲ್ಲುವ ಜಾಗಕ್ಕೆ ಗುರುತಿರುತ್ತದೆ. ಅಲ್ಲಿ ಸಾಲಾಗಿ ನಿಂತು, ಇಳಿಯುವವರು ಇಳಿದ ಮೇಲೆ ಹತ್ತಬೇಕು. ಒಳಗೆ ಫೋನು ಸದ್ದು ಮಾಡಬಾರದು, ಫೋನಿನಲ್ಲಿ ಮಾತಂತೂ ಕೂಡದು. ಬೆನ್ನಚೀಲವನ್ನು ಎದೆಗೆ ಹಾಕಿಕೊಳ್ಳಬೇಕು. ಶಿಂಕಾನ್ಸೆನ್‌ನಲ್ಲಿ ಬುತ್ತಿ ಬಿಚ್ಚಿ ಉಣ್ಣಬಹುದು, ನಗರದ ಲೋಕಲ್ ರೈಲುಗಳಲ್ಲಿ ತಿನ್ನುವ ರೂಢಿಯಿಲ್ಲ. ಗುಲಾಬಿ ಗುರುತಿನ ಮಹಿಳಾ ಬೋಗಿಗಳು ಹೆಚ್ಚಾಗಿ ಕೆಲಸದ ದಿನಗಳ ಬೆಳಗ್ಗೆ ಮಾತ್ರ ಜಾರಿಯಲ್ಲಿರುತ್ತವೆ, ಸಮಯವನ್ನು ಕಿಟಕಿಯ ಮೇಲೇ ಬರೆದಿರುತ್ತಾರೆ. ಎಸ್ಕಲೇಟರಿನಲ್ಲಿ ಟೋಕಿಯೊದವರು ಎಡಕ್ಕೆ, ಒಸಾಕಾದವರು ಬಲಕ್ಕೆ ನಿಂತು, ನಡೆಯುವವರಿಗೆ ದಾರಿ ಬಿಡುವುದು ಹಳೆಯ ರೂಢಿ. ಅವಘಡಗಳನ್ನು ತಡೆಯಲು ಸೈತಾಮಾ ಪ್ರಾಂತ್ಯ 2021ರಲ್ಲಿ, ನಗೋಯಾ ನಗರ 2023ರಲ್ಲಿ ಎಸ್ಕಲೇಟರ್ ಮೇಲೆ ನಡೆಯದೆ ನಿಂತೇ ಹೋಗಬೇಕೆಂದು ಕಟ್ಟಳೆ ತಂದಿವೆ. ಬೆಳಗ್ಗೆ ಏಳೂವರೆಯಿಂದ ಒಂಬತ್ತರ ನಡುವೆ ಟೋಕಿಯೊದಲ್ಲಿ ಪೆಟ್ಟಿಗೆ ಹಿಡಿದು ರೈಲು ಹತ್ತದಿರುವುದು ಎಲ್ಲರಿಗೂ ಒಳ್ಳೆಯದು.

ತೊಡಕಾದಾಗ

ಟೋಕಿಯೊ ರೈಲುಗಳು ರಾತ್ರಿಯಿಡೀ ಓಡುವುದಿಲ್ಲ. ಕೊನೆಯ ರೈಲು ನಡುರಾತ್ರಿಯ ಸುಮಾರಿಗೆ, ಮರುದಿನದ ಮೊದಲನೆಯದು ಬೆಳಗ್ಗೆ ಐದರ ಹೊತ್ತಿಗೆ. ಎರಡು ಕಡೆ ಬದಲಾಯಿಸಿ ಹೋಗುವವರು ಕೊನೆಯ ತುಂಡಿನ ರೈಲಿನ ಸಮಯವನ್ನು ನೋಡಿಕೊಂಡು ಹೊರಡಬೇಕು.

ಕಾರ್ಡು ತಾಗಿಸಿದಾಗ ಗೇಟು ಮುಚ್ಚಿಕೊಂಡರೆ ಗಾಬರಿ ಬೇಡ. ಹಣ ಸಾಲದಿರಬಹುದು, ಹಿಂದಿನ ಪಯಣದಲ್ಲಿ ಹೊರಬಂದದ್ದು ದಾಖಲಾಗದಿರಬಹುದು. ಗೇಟುಗಳ ಸಾಲಿನ ಕೊನೆಯಲ್ಲಿರುವ ಕಿಟಕಿಯಲ್ಲಿ ಕಾರ್ಡು ಕೊಟ್ಟರೆ ಸಿಬ್ಬಂದಿ ಕ್ಷಣದಲ್ಲಿ ಸರಿಮಾಡಿಕೊಡುತ್ತಾರೆ. ರೈಲಿನಲ್ಲಿ ಏನಾದರೂ ಬಿಟ್ಟಿದ್ದರೆ ಅಲ್ಲೇ ಹೇಳಬೇಕು. ಮಾರ್ಗ, ಹತ್ತಿದ ಸಮಯ, ಬೋಗಿಯ ಅಂದಾಜು ತಿಳಿಸಿದರೆ ಹುಡುಕಾಟ ಸುಲಭ. ಸಿಕ್ಕ ವಸ್ತು ಕೆಲವು ದಿನ ನಿಲ್ದಾಣದಲ್ಲಿದ್ದು ಪೊಲೀಸರಿಗೆ ಹೋಗುತ್ತದೆ, ಕಾನೂನಿನಂತೆ ಮೂರು ತಿಂಗಳವರೆಗೆ ವಾರಸುದಾರರಿಗಾಗಿ ಕಾಯುತ್ತಾರೆ.

ಆಗಸ್ಟಿನಿಂದ ಅಕ್ಟೋಬರಿನವರೆಗೆ ಚಂಡಮಾರುತದ ಕಾಲ. ದೊಡ್ಡ ಗಾಳಿಮಳೆಯ ಮುನ್ಸೂಚನೆ ಇದ್ದರೆ ಕಂಪನಿಗಳು ಸಾಮಾನ್ಯವಾಗಿ ಹಿಂದಿನ ದಿನವೇ ತಿಳಿಸಿ ರೈಲು ನಿಲ್ಲಿಸುತ್ತವೆ. ವಿಮಾನ ಹಿಡಿಯುವವರು ಒಂದು ದಿನ ಮೊದಲೇ ವಿಮಾನ ನಿಲ್ದಾಣದ ಊರಿಗೆ ಬಂದಿರುವುದು ಕ್ಷೇಮ. ಭೂಕಂಪವಾದಾಗ ಮೊದಲು ತಲುಪುವ ಸಣ್ಣ ಅಲೆಯನ್ನು ಗ್ರಹಿಸಿದ ಉಪಕರಣಗಳು ಶಿಂಕಾನ್ಸೆನ್‌ನ ವಿದ್ಯುತ್ ಕಡಿದು ರೈಲನ್ನು ನಿಲ್ಲಿಸುತ್ತವೆ. 2011ರ ಮಾರ್ಚ್ 11ರ ಮಹಾಕಂಪನದಲ್ಲಿ ಪ್ರಯಾಣಿಕರನ್ನು ಹೊತ್ತ ಯಾವ ಶಿಂಕಾನ್ಸೆನ್ ರೈಲೂ ಹಳಿ ತಪ್ಪಲಿಲ್ಲ. ಅಂಥ ಹೊತ್ತಿನಲ್ಲಿ ಸೀಟು ಬಿಟ್ಟೇಳದೆ ಸಿಬ್ಬಂದಿಯ ಮಾತಿಗೆ ಕಾಯಬೇಕು.

ತಡವಾದರೆ ಅದಕ್ಕೂ ವ್ಯವಸ್ಥೆಯಿದೆ. ಲೋಕಲ್ ರೈಲು ಕೆಲವೇ ನಿಮಿಷ ತಡವಾದರೂ ನಿಲ್ದಾಣದವರು ಅದನ್ನು ದೃಢೀಕರಿಸುವ ಚೀಟಿ ಕೊಡುತ್ತಾರೆ, ಕಚೇರಿ, ಶಾಲೆಗಳಲ್ಲಿ ಅದನ್ನು ಒಪ್ಪುತ್ತಾರೆ. ಶಿಂಕಾನ್ಸೆನ್ ಅಥವಾ ಜೆಆರ್‌ನ ಲಿಮಿಟೆಡ್ ಎಕ್ಸ್‌ಪ್ರೆಸ್ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದರೆ ವೇಗದ ಶುಲ್ಕವನ್ನು ಪೂರ್ತಿ ಹಿಂತಿರುಗಿಸುತ್ತಾರೆ. ಅದಕ್ಕೆ ಟಿಕೆಟ್ ಬೇಕು. ಹಾಗಾಗಿ ಇಳಿದ ನಿಲ್ದಾಣದಲ್ಲಿ ಟಿಕೆಟ್ಟನ್ನು ಗೇಟಿಗೆ ಹಾಕಿಬಿಡದೆ, ಕಿಟಕಿಯಲ್ಲಿ ತೋರಿಸಿ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಬೇಕು.